ಮಧ್ಯಾಹ್ನ ಎರಡರ ಕ್ಲಿನಿಕ್: ಕಿಡ್ನಿ ಕಸಿಯಾದವರ ಹೃದಯವನ್ನು ನೋಡಿಕೊಳ್ಳುವ ಒಂದು ಸೇವೆಯ ಬಗ್ಗೆ

ಕಸಿಯಾದ ಐದನೆಯ ತಿಂಗಳಲ್ಲಿ, ಅಂದರೆ 2022ರ ಏಪ್ರಿಲ್‌ನಲ್ಲಿ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ಹೇಳುವ ನನ್ನ ಕ್ರಿಯಾಟಿನಿನ್ 1.2 ಇತ್ತು, ಖಾಲಿಹೊಟ್ಟೆಯ ಸಕ್ಕರೆ 96 ಇತ್ತು, ತೂಕ 61 ಕೆಜಿಯಿಂದ 72ಕ್ಕೆ ಏರಿತ್ತು. ಎರಡೂವರೆ ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದ ನನ್ನನ್ನು ಕಂಡಿದ್ದ ತುಮಕೂರಿನ ನಮ್ಮ ಬೀದಿಯವರು ‘ಈಗ ಮೈಕೈ ತುಂಬಿಕೊಂಡಿದೆ, ಮುಖಕ್ಕೆ ಕಳೆ ಬಂದಿದೆ’ ಎಂದು ಮನಸಾರೆ ಸಂತೋಷಪಡುತ್ತಿದ್ದರು. ನನಗೆ ತನ್ನ ಮೂತ್ರಪಿಂಡ ಕೊಟ್ಟ ಅಕ್ಕನಂತೂ ಬಂದಾಗಲೆಲ್ಲ ದೃಷ್ಟಿ ತೆಗೆಯುತ್ತಿದ್ದಳು. ಅದೇ ತಿಂಗಳ ಒಂದು ಗುರುವಾರ ಸಂಜೆ ನಾಲ್ಕಕ್ಕೆ ಬೆಂಗಳೂರಿನ ಒಂದು ಆಸ್ಪತ್ರೆಯ ನರ್ಸ್ ನನ್ನ ಉಂಗುರ ಬೆರಳನ್ನು ಚುಚ್ಚಿ, ರಕ್ತದ ಹನಿಯನ್ನು ಪಟ್ಟಿಗೆ ತಾಗಿಸಿದಾಗ ಯಂತ್ರದಲ್ಲಿ ಮೂಡಿದ ಅಂಕಿ 238. ಬೆಳಿಗ್ಗೆ 96 ಇದ್ದ ಸಕ್ಕರೆ ಸಂಜೆಗೆ 238 ಆಗುವುದು ಹೇಗೆಂದು ನನಗೆ ತಿಳಿಯಲಿಲ್ಲ. ಆ ನರ್ಸ್‌ಗೆ ಅದು ಹೊಸದಾಗಿರಲಿಲ್ಲ. ನಾನು ಇಲ್ಲಿ ಬರೆಯುತ್ತಿರುವುದು ಆ ಬೆರಳು ಚುಚ್ಚಿದ ಕ್ಲಿನಿಕ್ಕಿನ ಬಗ್ಗೆ.

ಇದು ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆಂದೇ ಒಂದು ಖಾಸಗಿ ಆಸ್ಪತ್ರೆ ಪ್ರತಿ ಗುರುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ನಡೆಸುವ ಹೃದಯ ಮತ್ತು ಚಯಾಪಚಯ ತಪಾಸಣೆಯ ಸೇವೆ. ಒಬ್ಬ ಮಧುಮೇಹ ತಜ್ಞರು, ತಿಂಗಳಿಗೆರಡು ಸಲ ಬರುವ ಹೃದ್ರೋಗ ತಜ್ಞರು, ಒಬ್ಬ ನರ್ಸ್, ಒಬ್ಬ ಡಯೆಟಿಷಿಯನ್, ಒಬ್ಬ ಫಾರ್ಮಸಿಸ್ಟ್ ಒಂದೇ ಸಾಲಿನ ಕೊಠಡಿಗಳಲ್ಲಿ ಕುಳಿತಿರುತ್ತಾರೆ. ಇದುವರೆಗೆ 14 ಸಲ ಹೋಗಿದ್ದೇನೆ. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಅಲ್ಲಿನ ಕೊರತೆಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ನಡೆಯುವ ಬಹುಪಾಲು ಕೆಲಸಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ, ಕಸಿಯಾದ ಯಾರೇ ಆದರೂ ತಾವು ಹೋಗುವ ಆಸ್ಪತ್ರೆಯಲ್ಲಿಯೇ ಇವನ್ನು ಕೇಳಿ ಮಾಡಿಸಿಕೊಳ್ಳಬಹುದು.

ಈ ಕ್ಲಿನಿಕ್ ಮಧ್ಯಾಹ್ನವೇ ನಡೆಯುವುದಕ್ಕೆ ಒಂದು ಕಾರಣವಿದೆ, ಅದನ್ನು ತಿಳಿದ ಮೇಲೆಯೇ ನನಗೆ ಇದರ ಮೇಲೆ ನಂಬಿಕೆ ಹುಟ್ಟಿದ್ದು. ಕಸಿಯಾದವರೆಲ್ಲ ಮೂತ್ರಪಿಂಡ ತಜ್ಞರನ್ನು ಬೆಳಿಗ್ಗೆಯೇ ನೋಡುತ್ತಾರೆ, ಏಕೆಂದರೆ ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಎಂಬ ಔಷಧ ರಕ್ತದಲ್ಲಿ ಎಷ್ಟಿದೆ ಎಂಬುದನ್ನು ಬೆಳಗಿನ ಗುಳಿಗೆ ನುಂಗುವ ಮೊದಲು ಅಳೆಯಬೇಕು. ಆ ಹೊತ್ತಿಗೆ ಹೊಟ್ಟೆ ಖಾಲಿಯಿರುವುದರಿಂದ ಸಕ್ಕರೆಯನ್ನೂ ಅದೇ ರಕ್ತದಲ್ಲಿ ನೋಡಿಬಿಡುವುದು ರೂಢಿ. ಆದರೆ ನಾವು ಬೆಳಿಗ್ಗೆ ತೆಗೆದುಕೊಳ್ಳುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದ ಊಟದ ನಂತರ, ಸಂಜೆಯವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಅದರ ಪ್ರಭಾವ ಇಳಿದು ಬೆಳಗಿನ ಅಂಕಿ ಎಂದಿನಂತಿರುತ್ತದೆ. ಇತ್ತ ಟ್ಯಾಕ್ರೋಲಿಮಸ್ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೇ ಸೋಲಿಸುತ್ತದೆ. ಒಂದು ಔಷಧ ಇನ್ಸುಲಿನ್ ಉತ್ಪತ್ತಿಯನ್ನು ತಗ್ಗಿಸಿದರೆ ಇನ್ನೊಂದು ಇರುವ ಇನ್ಸುಲಿನ್ನಿಗೂ ದೇಹ ಓಗೊಡದಂತೆ ಮಾಡುತ್ತದೆ. ಹೀಗಿರುವಾಗ ಬೆಳಗಿನ ಸಕ್ಕರೆಯನ್ನು ಮಾತ್ರ ನೋಡುತ್ತ ಕೂರುವುದೆಂದರೆ ಕಳ್ಳ ಬಂದು ಹೋದ ಮೇಲೆ ಕಾವಲು ನಿಂತ ಹಾಗೆ. ನಾಲ್ಕು ತಿಂಗಳು ನಾನು ಹಾಗೆಯೇ ಇದ್ದೆ.

ಅಂದಿನ ಒಂದು ಅಂಕಿಯನ್ನು ಹಿಡಿದು ಅವರು ನನಗೆ ಮಧುಮೇಹವೆಂದು ಚೀಟಿ ಬರೆಯಲಿಲ್ಲ. ಒಂದು ವಾರ ಮನೆಯಲ್ಲಿ ಮಧ್ಯಾಹ್ನದ ಊಟವಾದ ಎರಡು ಗಂಟೆಗೆ ಮತ್ತು ರಾತ್ರಿ ಊಟದ ಮೊದಲು ನೋಡಿ ಬರೆದು ತರಲು ಹೇಳಿದರು. ಅನಂತರ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರು, 226 ಬಂತು. 200 ದಾಟಿದರೆ ಮಧುಮೇಹವೆಂದು ಲೆಕ್ಕ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಆಗ 5.9 ಮಾತ್ರ ಇತ್ತು. ಅದನ್ನು ನಂಬಬಾರದೇಕೆ ಎಂಬುದನ್ನು ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತಿಳಿಸಿದ ರೀತಿಯನ್ನು ನಾನು ಮರೆಯಲಾರೆ: ಆ ಪರೀಕ್ಷೆ ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ, ಕಸಿಯಾದ ಹೊಸತರಲ್ಲಿ ರಕ್ತಹೀನತೆ ಇರುತ್ತದೆ, ಹೊಸ ಮೂತ್ರಪಿಂಡದ ಬಲದಿಂದ ಹೊಸ ಕಣಗಳು ಹುಟ್ಟಿಕೊಳ್ಳುತ್ತಿರುತ್ತವೆ, ಸಕ್ಕರೆ ಅಂಟಲು ಆ ಕಣಗಳಿಗೆ ಇನ್ನೂ ವಯಸ್ಸೇ ಆಗಿರುವುದಿಲ್ಲ. ನನ್ನ ಹಿಮೋಗ್ಲೋಬಿನ್ ಆಗ 10.4 ಇತ್ತು. ಕಸಿಯ ನಂತರ ಬರುವ ಮಧುಮೇಹ ಎಂಬ ಹೆಸರನ್ನು ನಾನು ಕೇಳಿದ್ದೇ ಅಂದು. ಕೆಲವು ತಿಂಗಳು ಬೆಳಗಿನ ಹೊತ್ತು ಒಂದು ಸಣ್ಣ ಪ್ರಮಾಣದ ಇನ್ಸುಲಿನ್ ಕೊಟ್ಟರು. ಮುಂದೆ ಅದನ್ನು ನಿಲ್ಲಿಸಿ, ಮೂತ್ರಪಿಂಡದ ಶಕ್ತಿ ಹೆಚ್ಚು ಕಡಿಮೆಯಾದರೂ ಪ್ರಮಾಣ ಬದಲಿಸಬೇಕಿಲ್ಲದ ಲಿನಾಗ್ಲಿಪ್ಟಿನ್ ಗುಳಿಗೆಗೆ ಬಂದೆ. ರಕ್ತದಲ್ಲಿ ಮೆಗ್ನೀಷಿಯಂ ಕೂಡ ನೋಡಿದರು. ಟ್ಯಾಕ್ರೋಲಿಮಸ್ ಅದನ್ನು ಮೂತ್ರದಲ್ಲಿ ಹರಿಯಬಿಡುತ್ತದೆ, ಅದು ಕಡಿಮೆಯಿದ್ದವರಲ್ಲಿ ಸಕ್ಕರೆ ಹೆಚ್ಚುವುದು ಕಂಡುಬಂದಿದೆ ಎಂದರು. ನನ್ನದು ಕಡಿಮೆಯೇ, 1.4 ಇತ್ತು.

ಇಷ್ಟೆಲ್ಲ ಸಕ್ಕರೆಯ ಗೋಜು ಕಿಡ್ನಿಗಾಗಿ ಎಂದುಕೊಂಡಿದ್ದೆ. ಅದು ಹೃದಯಕ್ಕಾಗಿ ಎಂಬುದನ್ನು ಎರಡನೆಯ ಭೇಟಿಯಲ್ಲಿ ಹೃದ್ರೋಗ ತಜ್ಞರು ತಿಳಿಸಿದರು. ಕಸಿಯಾದ ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ತೀರಿಕೊಳ್ಳುವವರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಮುಖ್ಯ ಕಾರಣಗಳಲ್ಲಿ ಒಂದು. ಸೋಂಕು ಮತ್ತು ಕ್ಯಾನ್ಸರ್ ಅದರ ಜೊತೆಯಲ್ಲಿ ನಿಲ್ಲುತ್ತವೆ. ಡಯಾಲಿಸಿಸ್‌ನಲ್ಲಿಯೇ ಉಳಿದವರಿಗೆ ಹೋಲಿಸಿದರೆ ಕಸಿಯಾದವರ ಅಪಾಯ ಎಷ್ಟೋ ಕಡಿಮೆ, ಆದರೆ ಅದೇ ವಯಸ್ಸಿನ ಆರೋಗ್ಯವಂತರ ಮಟ್ಟಕ್ಕೆ ಅದು ಇಳಿಯುವುದಿಲ್ಲ. ಡಯಾಲಿಸಿಸ್‌ನ ವರ್ಷಗಳಲ್ಲಿ ನೀರು ತುಂಬಿ ಇಳಿದು, ರಕ್ತದೊತ್ತಡ ಏರಿ ಇಳಿದು ಹೃದಯದ ಗೋಡೆ ದಪ್ಪಗಾಗಿರುತ್ತದೆ, ರಕ್ತನಾಳಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಆ ಹಳೆಯ ಸಾಲದ ಮೇಲೆ ಸ್ಟೀರಾಯ್ಡ್‌ನ ತೂಕ, ಟ್ಯಾಕ್ರೋಲಿಮಸ್‌ನ ಸಕ್ಕರೆ ಮತ್ತು ಬಿಪಿ, ಸಿಕ್ಕಾಪಟ್ಟೆ ಹಸಿವು, ಕೊಲೆಸ್ಟ್ರಾಲ್ ಬಂದು ಸೇರುತ್ತವೆ. ನಾವು ಮನೆಯವರೆಲ್ಲ ಸೇರಿ ಕ್ರಿಯಾಟಿನಿನ್ ಒಂದನ್ನೇ ದೇವರ ದೀಪದಂತೆ ಕಾಯುತ್ತಿದ್ದೆವು. ಅಕ್ಕ ಕೊಟ್ಟ ಮೂತ್ರಪಿಂಡ ಉಳಿದು ನಾನೇ ಉಳಿಯದಿದ್ದರೆ ಅವಳ ತ್ಯಾಗದ ಗತಿಯೇನು ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಬಿಪಿ ನೋಡುವ ಕೊಠಡಿಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಏಕೆಂದರೆ ಈ ಸೇವೆಯ ಗುಣ ಎದ್ದು ಕಾಣುವುದು ಅಲ್ಲಿ. ಸಾಮಾನ್ಯವಾಗಿ ಹೊರರೋಗಿ ವಿಭಾಗಗಳಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಮಾತಾಡಿಸುತ್ತಲೇ ಅಂಕಿ ಬರೆದುಕೊಳ್ಳುತ್ತಾರೆ. ಇಲ್ಲಿ ಬೆನ್ನಿಗೆ ಒರಗು ಇರುವ ಕುರ್ಚಿ, ಕೈ ಎದೆಯ ಮಟ್ಟಕ್ಕೆ ಬರುವಂತೆ ಪಕ್ಕದಲ್ಲೊಂದು ಮೇಜು ಇವೆ. ಐದು ನಿಮಿಷ ಸುಮ್ಮನೆ ಕೂರಿಸುತ್ತಾರೆ, ಕಾಲ ಮೇಲೆ ಕಾಲು ಹಾಕಿದ್ದರೆ ತೆಗೆಸುತ್ತಾರೆ, ಕಾಫಿ ಕುಡಿದು ಅರ್ಧ ಗಂಟೆಯಾಯಿತೇ ಎಂದು ಕೇಳುತ್ತಾರೆ, ನಿಮಿಷದ ಅಂತರದಲ್ಲಿ ಎರಡು ಸಲ ನೋಡುತ್ತಾರೆ. ಎಲ್ಲಕ್ಕಿಂತ ಮೊದಲು ನರ್ಸ್ ನನ್ನ ಎಡಗೈಯ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ್ದ ಫಿಸ್ಟುಲಾ ಇನ್ನೂ ಮಿಡಿಯುತ್ತಿದೆಯೇ ನೋಡಿ, ‘ಈ ಕೈ ಬೇಡ ಸರ್, ಬಲಗೈ ಕೊಡಿ’ ಎಂದರು. ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಬಿಗಿಯಬಾರದು. ಅದು ಡಯಾಲಿಸಿಸ್ ಘಟಕದಲ್ಲಿ ಎಲ್ಲರಿಗೂ ಗೊತ್ತು. ಕಸಿಯಾದ ಮೇಲೆ ನಾನು ಕಂಡ ಎಷ್ಟೋ ಕಡೆ ಯಾರೂ ಆ ಕೈಯನ್ನು ನೋಡುವುದೇ ಇಲ್ಲ.

ಆ ಫಿಸ್ಟುಲಾ ಕೂಡ ಹೃದಯದ ಲೆಕ್ಕಕ್ಕೆ ಸೇರುತ್ತದೆಂದು ನಾನು ಎಣಿಸಿರಲಿಲ್ಲ. ಅಪಧಮನಿಯನ್ನು ನೇರವಾಗಿ ಅಭಿಧಮನಿಗೆ ಜೋಡಿಸಿರುವುದರಿಂದ ರಕ್ತ ಅಡ್ಡದಾರಿ ಹಿಡಿದು ಬೇಗನೆ ಮರಳುತ್ತದೆ, ಹೃದಯ ಅಷ್ಟು ಹೆಚ್ಚು ದುಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಸಿ ಸ್ಥಿರವಾಗಿರುವವರ ಫಿಸ್ಟುಲಾವನ್ನು ಮುಚ್ಚಿದಾಗ ಹೃದಯದ ಎಡ ಕೋಣೆಯ ದಪ್ಪಗಾಗಿದ್ದ ಗೋಡೆಯ ತೂಕ ಇಳಿದದ್ದು ಕಂಡುಬಂತು. ನನ್ನ ಎಕೋ ಪರೀಕ್ಷೆ ನೋಡಿ, ಫಿಸ್ಟುಲಾದಲ್ಲಿ ಹರಿವು ತೀರಾ ಹೆಚ್ಚಿಲ್ಲವಾದ್ದರಿಂದ ಸದ್ಯ ಹಾಗೆಯೇ ಇರಲಿ, ವರ್ಷಕ್ಕೊಮ್ಮೆ ನೋಡೋಣ ಎಂದರು. ಮುಚ್ಚಿಸಿಬಿಟ್ಟು, ಮುಂದೊಂದು ದಿನ ಮತ್ತೆ ಡಯಾಲಿಸಿಸ್ ಬೇಕಾದರೆ ಏನು ಗತಿ ಎಂಬ ನನ್ನ ಭಯವನ್ನು ಅವರು ಅಲ್ಲಗಳೆಯದೆ ಫೈಲಿನಲ್ಲಿ ಬರೆದುಕೊಂಡರು. ರೋಗಿಯ ಭಯಕ್ಕೂ ಫೈಲಿನಲ್ಲಿ ಒಂದು ಸಾಲು ಸಿಕ್ಕಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ರಕ್ತದೊತ್ತಡದ ಗುರಿಯಾಗಿ 130/80ರ ಒಳಗೆ ಎಂದು ಅವರು ಇಟ್ಟುಕೊಂಡಿರುವುದು ಮೂತ್ರಪಿಂಡ ಕಾಯಿಲೆಗಳ ಅಂತರರಾಷ್ಟ್ರೀಯ ಮಾರ್ಗಸೂಚಿ 2021ರಲ್ಲಿ ಕಸಿಯಾದವರಿಗೆ ಹೇಳಿದ ಅಂಕಿಯೇ. ನನ್ನ ಮನೆಯ ಸರಾಸರಿ 138/88 ಇತ್ತು. ಬಿಪಿಯ ಗುಳಿಗೆ ಅಮ್ಲೋಡಿಪಿನ್ 5ರಿಂದ 10 ಮಿಲಿಗ್ರಾಂಗೆ ಏರಿಸಿದಾಗ ಸಂಜೆಯ ಹೊತ್ತಿಗೆ ಕಾಲುಚೀಲದ ಅಂಚು ಕಣಕಾಲಿನಲ್ಲಿ ಅಚ್ಚೊತ್ತುವಷ್ಟು ಊತ ಬಂತು. ಮತ್ತೆ ಕಿಡ್ನಿಯೇ ಕೈಕೊಟ್ಟಿತೆಂದು ಎರಡು ರಾತ್ರಿ ನಿದ್ದೆಗೆಟ್ಟೆ. ಫೋನಿನಲ್ಲಿ ವಿಷಯ ಕೇಳಿದ ನರ್ಸ್ ಆ ಗುಳಿಗೆಯಿಂದ ಹೀಗಾಗುವುದುಂಟು ಎಂದು ಹೇಳಿ, ಆದರೂ ಮರುದಿನವೇ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಮಾಡಿಸಿ ಕಳಿಸಲು ಹೇಳಿದರು. ಎರಡೂ ಸರಿಯಿದ್ದವು. ಅಮ್ಲೋಡಿಪಿನ್ ಅನ್ನು 5ಕ್ಕೆ ಇಳಿಸಿ ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿಪಿ ಗುಳಿಗೆ ಸೇರಿಸಿದರು, ಎರಡು ವಾರಕ್ಕೆ ಪೊಟ್ಯಾಸಿಯಂ ನೋಡಿದರು.

ಸೊಂಟದ ಸುತ್ತಳತೆಗೆ ಟೇಪು ಹಿಡಿದದ್ದೂ ಇಲ್ಲಿಯೇ ಮೊದಲು. 98 ಸೆಂಟಿಮೀಟರ್ ಇತ್ತು. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಅಪಾಯದ ಸೂಚನೆ. ಜನ ಮೆಚ್ಚಿದ 11 ಕೆಜಿ ಹೋಗಿ ಕೂತಿದ್ದು ಅಲ್ಲಿ.

ಡಯೆಟಿಷಿಯನ್ ಮೊದಲ ಭೇಟಿಯಲ್ಲಿ ಕೇಳಿದ ಪ್ರಶ್ನೆ ನನ್ನ ಊಟದ ಬಗ್ಗೆ ಅಲ್ಲ. ‘ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಉಪ್ಪು ತರ್ತೀರಿ ಸರ್, ಎಷ್ಟು ಜನ ಇದ್ದೀರಿ?’ ಎಂದರು. ನಾಲ್ಕು ಜನ, ಒಂದೂವರೆ ಕೆಜಿ ಎಂದಳು ನನ್ನ ಹೆಂಡತಿ. ಅವರು ಕ್ಯಾಲ್ಕುಲೇಟರ್ ಒತ್ತಿ ನಮ್ಮ ಕಡೆ ತಿರುಗಿಸಿದರು: ತಲೆಗೆ ದಿನಕ್ಕೆ 12.5 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಬಸಿದು ಚೆಲ್ಲುವ ನೀರಿನಲ್ಲಿ ಸ್ವಲ್ಪ ಹೋಗುತ್ತದೆ, ನಿಜ. ಆದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರಾ ಬನ್ನು ಆ ಲೆಕ್ಕಕ್ಕೇ ಬಂದಿರಲಿಲ್ಲ. ಹೊಸ ಲೆಕ್ಕ ಬಹಳ ಸುಲಭ: ತಿಂಗಳಿಗೆ 600 ಗ್ರಾಂ ಉಪ್ಪನ್ನು ಒಂದು ಡಬ್ಬಿಗೆ ಹಾಕಿಡಬೇಕು, ಅದು ಮುಗಿದರೆ ಮುಗಿಯಿತು. ಮೊದಲ ತಿಂಗಳು ನಮ್ಮ ಡಬ್ಬಿ ಹದಿನೇಳನೆಯ ತಾರೀಖಿಗೆ ಖಾಲಿಯಾಯಿತು. ನನ್ನ ಭಾವ ಒಳ್ಳೆಯ ಮನಸ್ಸಿನಿಂದ ಸೋಡಿಯಂ ಕಡಿಮೆಯಿರುವ ಉಪ್ಪಿನ ಪ್ಯಾಕೆಟ್ ತಂದುಕೊಟ್ಟಿದ್ದರು; ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ, ಟ್ಯಾಕ್ರೋಲಿಮಸ್ ಮತ್ತು ಟೆಲ್ಮಿಸಾರ್ಟನ್ ಎರಡೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವಂಥವು, ಅದು ಹದ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ ಎಂದು ಆಕೆ ಆ ಪ್ಯಾಕೆಟ್ಟನ್ನು ಅಡುಗೆಮನೆಯಿಂದ ಹೊರಗಿಡಿಸಿದರು. ಕಸಿಯಾದ ಮನೆಗಳಲ್ಲಿ ಈ ಒಂದು ಮಾತು ಗೊತ್ತಿರಲೇಬೇಕು.

ಮುದ್ದೆಯ ವಿಷಯದಲ್ಲಿಯೂ ನನ್ನ ತಿಳಿವಳಿಕೆ ತಪ್ಪಾಗಿತ್ತು. ಶುಗರ್ ಬಂದರೆ ಅನ್ನ ಬಿಟ್ಟು ಮುದ್ದೆ ತಿನ್ನಬೇಕು ಎಂಬುದು ನಮ್ಮ ಕಡೆ ಬೇರೂರಿದ ನಂಬಿಕೆ. ಆಕೆ ವಾದ ಮಾಡಲಿಲ್ಲ, ನಿಮ್ಮ ಗ್ಲುಕೋಮೀಟರಿಗೇ ಕೇಳಿ ಎಂದರು. ಒಂದು ದಿನ ಎಂದಿನ ದೊಡ್ಡ ಮುದ್ದೆಯನ್ನು ಬಸ್ಸಾರಿನ ಜೊತೆ ಉಂಡು ಎರಡು ಗಂಟೆ ಬಿಟ್ಟು ನೋಡಿದೆ, 214. ಇನ್ನೊಂದು ದಿನ ಅದರ ಅರ್ಧ ಮುದ್ದೆಗೆ ಹುರುಳಿಕಾಳು, ಒಂದು ಬಟ್ಟಲು ಹುರುಳಿಕಾಯಿ ಪಲ್ಯ ಸೇರಿಸಿ ಉಂಡೆ, 158. ರಾಗಿಯೂ ಹಿಟ್ಟೇ, ನುಣ್ಣಗೆ ಬೀಸಿ ಬೇಯಿಸಿದ ಮೇಲೆ ಎಷ್ಟು ಉಣ್ಣುತ್ತೇವೆ, ಜೊತೆಗೆ ಏನಿದೆ ಎಂಬುದೇ ನಡೆಯುವ ಮಾತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಪೂರ್ತಿ ಬಿಡಿಸಲಿಲ್ಲ, ತಿಂಗಳಿಗೆರಡು ಸಲ, ಒಂದೇ ಒಂದು, ಬೆಣ್ಣೆ ಇಲ್ಲದೆ ಎಂದು ನಿಗದಿ ಮಾಡಿದರು. ಬಾಯಿರುಚಿಯನ್ನು ಅಪರಾಧವೆಂಬಂತೆ ಕಾಣದೆ ಲೆಕ್ಕಕ್ಕೆ ತಂದದ್ದರಿಂದಲೇ ನಾನು ಅವರ ಮಾತು ಪಾಲಿಸಿದೆ ಎನಿಸುತ್ತದೆ.

ಹೀಗಿದ್ದೂ ಅವರ ಕೈಗೆ ಆಸ್ಪತ್ರೆ ಕೊಟ್ಟಿರುವ ಮುದ್ರಿತ ಆಹಾರ ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿದೆ; ಅದರಲ್ಲಿ ಬೆಳಿಗ್ಗೆಗೆ ದಲಿಯಾ, ಮಧ್ಯಾಹ್ನಕ್ಕೆ ಎರಡು ಫುಲ್ಕಾ, ರಾತ್ರಿಗೆ ಪನೀರ್ ಎಂದಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಪಾವಗಡ ಕಡೆಯ ಒಬ್ಬ ತಾಯಿ ಆ ಹಾಳೆಯನ್ನು ನಾಲ್ಕಾಗಿ ಮಡಚಿ ಸೆರಗಿನ ಗಂಟಿಗೆ ಸೇರಿಸಿದ್ದನ್ನು ನೋಡಿದೆ. ಆಕೆಯ ಮಗನಿಗೆ ಕಸಿಯಾಗಿ ಆಗ ಮೂರು ತಿಂಗಳು. ಆ ಹಾಳೆ ಮನೆಯಲ್ಲಿ ಯಾರಿಗೂ ಉಪಯೋಗಕ್ಕೆ ಬಂದಿರಲಾರದು. ಬಾಯಲ್ಲಿ ಇಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳುವವರು ಒಂದು ಪುಟವನ್ನು ಕನ್ನಡದಲ್ಲಿ ಮುದ್ರಿಸದಿರುವುದು ಈ ಸೇವೆಯ ಬಹು ದೊಡ್ಡ ಲೋಪ. ಮೂರು ಸಲ ಸಲಹಾ ಪೆಟ್ಟಿಗೆಗೆ ಬರೆದು ಹಾಕಿದ್ದೇನೆ. ಕಳೆದ ಸಲವೂ ಅದೇ ಹಾಳೆ ಇತ್ತು.

ಫಾರ್ಮಸಿಸ್ಟ್ ಇರುವ ಕೊಠಡಿ ಎಲ್ಲಕ್ಕಿಂತ ಚಿಕ್ಕದು, ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದೂ ಅದೇ. ಮನೆಯಲ್ಲಿರುವ ಎಲ್ಲ ಔಷಧಗಳನ್ನೂ, ಕಷಾಯದ ಪುಡಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ತರಲು ಹೇಳುತ್ತಾರೆ. ನಮ್ಮ ಚೀಲದಲ್ಲಿ ಅಮೃತಬಳ್ಳಿಯ ಪುಡಿ ಇತ್ತು. ನಮ್ಮ ದೇಹದ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿಟ್ಟಿರುವಾಗ ಅದನ್ನು ಕೆರಳಿಸುವುದು ಕಸಿಗೆ ಅಪಾಯ ಎಂದು ತೆಗೆದಿಟ್ಟರು. ಚಕ್ಕೋತ ತಿನ್ನುತ್ತೀರಾ ಎಂದು ಕೇಳಿದಾಗ ಆಶ್ಚರ್ಯವಾಯಿತು, ಏಕೆಂದರೆ ನನ್ನ ಹೆಂಡತಿಯ ತವರು ದೇವನಹಳ್ಳಿ ಕಡೆ, ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅಲ್ಲಿನ ಚಕ್ಕೋತ ಪ್ರತಿ ವರ್ಷ ಮನೆಗೆ ಬರುತ್ತದೆ. ಗ್ರೇಪ್‌ಫ್ರೂಟ್‌ನ ಬಳಗಕ್ಕೆ ಸೇರಿದ ಈ ಹಣ್ಣಿನಲ್ಲಿರುವ ಅಂಶಗಳು ಕರುಳಿನಲ್ಲಿ ಟ್ಯಾಕ್ರೋಲಿಮಸ್ ಅನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ, ಆಗ ಅದೇ ಗುಳಿಗೆಯಿಂದ ರಕ್ತಕ್ಕೆ ಹೆಚ್ಚು ಔಷಧ ಸೇರುತ್ತದೆ. ಹೆಚ್ಚು ಔಷಧವೆಂದರೆ ಹೆಚ್ಚು ಬಿಪಿ, ಹೆಚ್ಚು ಸಕ್ಕರೆ, ಕೊನೆಗೆ ಕಿಡ್ನಿಗೇ ಪೆಟ್ಟು. ಕಿತ್ತಳೆ, ಮೂಸಂಬಿಗೆ ಅಡ್ಡಿಯಿಲ್ಲ ಎಂದರು.

ಇದೇ ಕಿಣ್ವದ ಪಾಠ 2023ರ ಮಳೆಗಾಲದಲ್ಲಿ ನನ್ನನ್ನು ಉಳಿಸಿತು. ಕೆಮ್ಮು ಬಿಡದೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಕಸಿಯಾಗಿದೆ ಎಂದು ಹೇಳಿದರೂ ಅಲ್ಲಿ ಅದೇ ಕಿಣ್ವವನ್ನು ತಡೆಯುವ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಬರೆದುಕೊಟ್ಟರು. ಮೂರನೆಯ ದಿನ ಕಾಫಿ ಲೋಟ ಹಿಡಿದ ಕೈ ನಡುಗಿ ಬಟ್ಟಲಿಗೆ ಚೆಲ್ಲಿತು. ಬಿಪಿ 152/94. ಗುಳಿಗೆಯ ಪಟ್ಟಿಯನ್ನು ಫೋನಿನಲ್ಲಿ ಚಿತ್ರ ತೆಗೆದು ಕಳಿಸಿದ ಅರ್ಧ ಗಂಟೆಯೊಳಗೆ ಫಾರ್ಮಸಿಸ್ಟ್ ಕರೆ ಮಾಡಿ, ಕೂಡಲೇ ಮೂತ್ರಪಿಂಡ ತಜ್ಞರಿಗೆ ಜೋಡಿಸಿದರು. ಮರುದಿನ ಬೆಳಿಗ್ಗೆ ಟ್ಯಾಕ್ರೋಲಿಮಸ್ ಮಟ್ಟ ನೋಡಿದರೆ ಇರಬೇಕಾದ್ದರ ಎರಡರಷ್ಟಿತ್ತು. ಆಂಟಿಬಯಾಟಿಕ್ ಬದಲಿಸಿದರು, ಪ್ರಮಾಣ ಸರಿಪಡಿಸಿದರು, ಹತ್ತು ದಿನದಲ್ಲಿ ಎಲ್ಲವೂ ಹಳಿಗೆ ಬಂತು. ಗುರುವಾರವಲ್ಲದ ದಿನ ಆ ಫೋನನ್ನು ಎತ್ತಿಕೊಂಡರಲ್ಲ, ಅದಕ್ಕೆ ನಾನು ಎಷ್ಟು ಕೃತಜ್ಞನಾಗಿದ್ದರೂ ಸಾಲದು.

ಕೊಲೆಸ್ಟ್ರಾಲ್ ಗುಳಿಗೆಯ ಬಗ್ಗೆ ನನಗೆ ಅನುಮಾನವಿತ್ತು. ಈಗಾಗಲೇ ದಿನಕ್ಕೆ ಹದಿನಾಲ್ಕು ಗುಳಿಗೆ ನುಂಗುತ್ತಿರುವಾಗ ಇನ್ನೊಂದು ಏಕೆ ಎಂದೆ. ಹೃದ್ರೋಗ ತಜ್ಞರು ಅಲರ್ಟ್ ಎಂಬ ಅಧ್ಯಯನದ ವಿಷಯ ಹೇಳಿದರು, ಆಮೇಲೆ ನಾನೂ ಓದಿಕೊಂಡೆ. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಸಿಯಾದ 2102 ಜನರಿಗೆ ಫ್ಲುವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಗುಳಿಗೆ ಅಥವಾ ಬರಿಯ ಹುಸಿಗುಳಿಗೆ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿದ್ದರು. ಅವರು ಮೊದಲೇ ಗೊತ್ತುಮಾಡಿಕೊಂಡಿದ್ದ ಮುಖ್ಯ ಗುರಿಯ ಮಟ್ಟಿಗೆ ವ್ಯತ್ಯಾಸ ಸ್ಪಷ್ಟವಾಗಿ ಸಿದ್ಧವಾಗಲಿಲ್ಲ, ಆದರೆ ಹೃದಯದಿಂದಾದ ಸಾವು ಮತ್ತು ಹೃದಯಾಘಾತಗಳನ್ನು ಒಟ್ಟಿಗೆ ನೋಡಿದರೆ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿದ್ದವು. ಫಲಿತಾಂಶ ಪೂರ್ತಿ ಗೆಲುವಲ್ಲ ಎಂಬುದನ್ನೂ ಡಾಕ್ಟರೇ ಹೇಳಿದ್ದರಿಂದ ನನಗೆ ಒಪ್ಪಿಕೊಳ್ಳುವುದು ಸುಲಭವಾಯಿತು. ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂನಿಂದ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ನನ್ನ ಎಲ್‌ಡಿಎಲ್ 148ರಿಂದ 84ಕ್ಕೆ ಇಳಿದಿದೆ. ಟ್ಯಾಕ್ರೋಲಿಮಸ್ ಬದಲು ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವವರಿಗೆ ಈ ಬಗೆಯ ಗುಳಿಗೆಗಳಲ್ಲಿ ಕೆಲವು ನಿಷಿದ್ಧ, ಉಳಿದವುಗಳ ಪ್ರಮಾಣಕ್ಕೂ ಮಿತಿಯಿದೆ, ಆದ್ದರಿಂದ ಯಾರೂ ನನ್ನ ಚೀಟಿ ನೋಡಿ ತಂದುಕೊಳ್ಳಬೇಡಿ. ಇತ್ತ, ಹೃದಯಕ್ಕೆ ಒಳ್ಳೆಯದೆಂದು ನಾನೇ ಕೊಂಡಿದ್ದ ದುಬಾರಿ ಫೋಲಿಕ್ ಆಮ್ಲ ಮತ್ತು ಬಿ ವಿಟಮಿನ್ನುಗಳನ್ನು ನಿಲ್ಲಿಸಿದರು. ಕಸಿಯಾದ 4110 ಜನರ ಮೇಲೆ ನಡೆದ ಫೇವರಿಟ್ ಎಂಬ ಅಧ್ಯಯನದಲ್ಲಿ ಹೆಚ್ಚಿನ ಪ್ರಮಾಣದ ಈ ವಿಟಮಿನ್ನುಗಳಿಂದ ಹೃದಯಕ್ಕೆ ಯಾವ ಲಾಭವೂ ಕಂಡಿರಲಿಲ್ಲ. ಗುಳಿಗೆ ಸೇರಿಸುವ ವೈದ್ಯರು ಬಹಳ ಮಂದಿ ಸಿಗುತ್ತಾರೆ. ಒಂದನ್ನು ಸೇರಿಸಿ ಎರಡನ್ನು ತೆಗೆದವರನ್ನು ನಾನು ಮೊದಲ ಬಾರಿಗೆ ಕಂಡೆ.

ಇಷ್ಟಕ್ಕೆಲ್ಲ ಮೂಲವಾದ ಸ್ಟೀರಾಯ್ಡನ್ನೇ ಬಿಡಬಹುದಲ್ಲವೇ ಎಂದು ಪ್ರತಿ ಸಲವೂ ಕೇಳುತ್ತೇನೆ. ಅದನ್ನು ತಾವು ಮುಟ್ಟುವುದಿಲ್ಲ, ಮೂತ್ರಪಿಂಡ ತಜ್ಞರಿಗೆ ಬರೆಯುತ್ತೇವೆ ಎನ್ನುತ್ತಾರೆ. ದೇಹ ಕಸಿಯನ್ನು ತಿರಸ್ಕರಿಸುವ ಅಪಾಯವನ್ನು ಒಂದು ತಕ್ಕಡಿಯಲ್ಲೂ ಸಕ್ಕರೆಯನ್ನು ಇನ್ನೊಂದರಲ್ಲೂ ಇಟ್ಟು ನೋಡಬೇಕಾದ ವಿಷಯ ಅದು. ನನ್ನ ವಿಷಯದಲ್ಲಿ 10ರಿಂದ 5 ಮಿಲಿಗ್ರಾಂಗೆ ಇಳಿದು ಅಲ್ಲಿಯೇ ನಿಂತಿದೆ. ಈ ಎಲ್ಲೆ ಕಾಯ್ದುಕೊಳ್ಳುವುದನ್ನು ನಾನು ಒಪ್ಪುತ್ತೇನೆ. ಒಪ್ಪಲಾರದ ಸಂಗತಿ ಎಂದರೆ, ಆ ಪತ್ರ ಒಂದೇ ಕಟ್ಟಡದ ಮೂರನೆಯ ಮಹಡಿಯಿಂದ ಎರಡನೆಯ ಮಹಡಿಗೆ ತಾನಾಗಿ ಹೋಗುವುದಿಲ್ಲ, ರೋಗಿಯೇ ಹೊತ್ತೊಯ್ಯಬೇಕು. ಒಮ್ಮೆ ನಾನು ಮರೆತೆ. ಒಂದೂವರೆ ತಿಂಗಳು ಇಬ್ಬರು ಡಾಕ್ಟರೂ ಬೇರೆ ಬೇರೆ ಪಟ್ಟಿ ನೋಡುತ್ತಿದ್ದರು. ಓದು ಬಾರದವರ ಪಾಡು ಏನಾಗಬೇಕು?

ಕಾಯುವ ಸಮಯವನ್ನೂ ಹೇಳಬೇಕು. ಎರಡಕ್ಕೆಂದು ಕರೆದರೂ ಮೂರರ ಮೊದಲು ಒಳಗೆ ಬಿಟ್ಟದ್ದು ಅಪರೂಪ. ಸೋಂಕಿನ ಭಯವಿರುವ ನಮ್ಮನ್ನು ಕೆಮ್ಮುವವರ ನಡುವೆ ಸಾಮಾನ್ಯ ಸಾಲಿನಲ್ಲಿ ಕೂರಿಸುವುದು ಸರಿಯಲ್ಲ. ಒಂದು ಭೇಟಿಗೆ ಎಲ್ಲ ಕೊಠಡಿಗಳಿಗೂ ಸೇರಿ 1100 ರೂಪಾಯಿ. ರಕ್ತಪರೀಕ್ಷೆ ಬೇರೆ, ನನಗೆ ಸುಮಾರು 2600 ಆಗುತ್ತದೆ. ಐದು ಪರಿಣತರ ಸಮಯಕ್ಕೆ ಮೊದಲನೆಯದು ಹೆಚ್ಚಲ್ಲ. ಪರೀಕ್ಷೆಗಳನ್ನು ತುಮಕೂರಿನಲ್ಲೇ ಮಾಡಿಸಿ ತರಲು ಅವರು ಒಪ್ಪುವುದರಿಂದ ನನ್ನ ಖರ್ಚು ಸುಮಾರು ಅರ್ಧಕ್ಕೆ ಇಳಿಯಿತು, ಆದರೆ ಇದನ್ನು ಅವರಾಗಿ ಹೇಳುವುದಿಲ್ಲ, ಕೇಳಬೇಕು. ಶನಿವಾರವೂ ಇದ್ದರೆ ದುಡಿಯುವವರಿಗೆ ರಜೆ ಉಳಿಯುತ್ತದೆ.

ಈಗ ನನ್ನ ತೂಕ 66, ಸೊಂಟ 91, ಮಧ್ಯಾಹ್ನದ ಸಕ್ಕರೆ 150ರ ಆಸುಪಾಸು, ಬಿಪಿ ಬಹುಪಾಲು ದಿನ 126/78. ಅಮಾನಿಕೆರೆಯ ದಂಡೆಯಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುತ್ತೇನೆ. ಇವುಗಳಲ್ಲಿ ಯಾವುದೂ ಕ್ರಿಯಾಟಿನಿನ್ ವರದಿಯಲ್ಲಿ ಕಾಣುವಂಥದ್ದಲ್ಲ. ಅದು ಅಂದೂ 1.2, ಇಂದೂ 1.2.

ನನ್ನ ಮನಸ್ಸಿಗೆ ನೋವಾದ ಒಂದು ಕೊರತೆ ಉಳಿದಿದೆ. ಈ ಕ್ಲಿನಿಕ್ಕಿನಲ್ಲಿ ಕೊಟ್ಟವರಿಗೆ ಜಾಗವಿಲ್ಲ. ಅಕ್ಕನಿಗೆ ಈಗ 58 ವರ್ಷ, ಇರುವುದು ಒಂದೇ ಮೂತ್ರಪಿಂಡ. ಮೂತ್ರಪಿಂಡ ದಾನ ಮಾಡಿದವರು ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿಸಿಕೊಳ್ಳಬೇಕು. ಮೊದಲ ವರ್ಷ ಕರೆದರು, ಆಮೇಲೆ ಆಸ್ಪತ್ರೆಯಿಂದ ಕರೆಯೇ ಇಲ್ಲ. ‘ನಂಗೇನಾಗಿದೆ ಬಿಡೋ, ನೀನು ಚೆನ್ನಾಗಿದ್ರೆ ಸಾಕು’ ಎನ್ನುತ್ತಿದ್ದವಳನ್ನು ಕಳೆದ ಭೇಟಿಗೆ ಒತ್ತಾಯದಿಂದ ಕರೆದುಕೊಂಡು ಹೋದೆ. ನನ್ನ ಸರದಿ ಮುಗಿದ ಮೇಲೆ ನರ್ಸ್ ತಾವಾಗಿಯೇ ಅಕ್ಕನನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಐದು ನಿಮಿಷ ಸುಮ್ಮನಿರಿಸಿದರು. ‘ಯಾವ ಕೈ ಕೊಡಲಿ?’ ಎಂದಳು ಅಕ್ಕ, ನನ್ನನ್ನು ನೋಡಿ ಕಲಿತಿದ್ದಳು. ‘ನಿಮಗೆ ಯಾವ ಕೈ ಆದರೂ ಸರಿ ಅಮ್ಮಾ’ ಎಂದರು ನರ್ಸ್. 142/88 ಬಂತು, ಎರಡನೆಯ ಸಲ 138/86. ಅಕ್ಕನ ಹೆಸರಿನಲ್ಲಿ ಫೈಲ್ ಇಲ್ಲದ್ದರಿಂದ ಆ ಎರಡು ಅಂಕಿಗಳನ್ನು ನನ್ನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು, ಎರಡು ವಾರ ಮನೆಯಲ್ಲಿ ನೋಡಿ ತರಲು ಹೇಳಿದರು. ನನ್ನ ಬಿಪಿ ಯಂತ್ರ ಈಗ ಅಕ್ಕನ ಮನೆಯಲ್ಲಿದೆ. ನನ್ನ ಪುಸ್ತಕದ ಬಲಪುಟದಲ್ಲಿ ಗೆರೆ ಎಳೆದು ಅವಳಿಗೊಂದು ಸಾಲು ಮಾಡಿದ್ದೇನೆ, ಮುಂದಿನ ಗುರುವಾರ ಅದನ್ನು ಅವರ ಮುಂದೆ ಇಡಬೇಕು.